ಕೆಂಚ್ಯಾ ಕುಳಿತ ಹೊತ್ತು

“ಕುಂದ್ರು” ಎಂದಳು ರೇಣವ್ವ.

ಕೆಂಚ್ಯಾ ಕುಳಿತ. ಹಿಂಗಾಲು ಮಡಚಿ, ಮುಂಗಾಲು ನೆಟ್ಟಗೆ ಊರಿ, ಮಕ್ಕಳ ಪುಸ್ತಕದ ಚಿತ್ರದಲ್ಲಿ ನಾಯಿ ಕೂರುವ ಹಾಗೆ. ಖಾಜಾಹುಸೇನ್ ಚೀಲದಿಂದ ಒಂದು ಮೂಳೆ ತೆಗೆದು ಅವನ ಮೂಗಿನಿಂದ ಎರಡು ಮಾರು ದೂರಕ್ಕೆ ಎಸೆದ. ಮೂಳೆಯಲ್ಲಿ ಮಾಂಸ ಇನ್ನೂ ಇತ್ತು. ಕೆಂಚ್ಯಾನ ಕಣ್ಣು ರೇಣವ್ವನ ಮುಖದಿಂದ ಕದಲಲಿಲ್ಲ. ಖಾಜಾಹುಸೇನ್ ತಗಡಿನ ಡಬ್ಬಿ ಬಡಿದ. ಮೊಬೈಲಿನಲ್ಲಿ ಬೇರೆ ನಾಯಿಯ ಬೊಗಳು ಹಾಕಿದ. ಕೊನೆಗೆ, ಪರೀಕ್ಷೆಯ ನಿಯಮಗಳಲ್ಲಿ ಇಲ್ಲದಿದ್ದರೂ, ತಾನೇ ಕುಪ್ಪಳಿಸುತ್ತ ನಾಯಿಯ ಸುತ್ತ ಒಂದು ಸುತ್ತು ಬಂದ. ಐವತ್ತು ದಾಟಿದ ದಢೂತಿ ಮನುಷ್ಯ ಹಾಗೆ ಕುಪ್ಪಳಿಸುವುದನ್ನು ಕಂಡು ಕುರಿಗಳು ಕೂಡ ಮೇಯುವುದು ಬಿಟ್ಟು ತಲೆಯೆತ್ತಿದವು. ಕೆಂಚ್ಯಾ ನೋಡಲಿಲ್ಲ.

“ಇದು ಅದ ನಾಯಿ ಹೌದಿಲ್ಲೊ ಯಕ್ಕಾ?” ಎಂದ ಖಾಜಾಹುಸೇನ್, ಏದುಸಿರು ಬಿಡುತ್ತ.

“ಅದ. ಹೋದ ಸಲ ನಿನ್ನ ಗಾಡಿ ಗಾಲಿ ತೊಯಿಸಿತ್ತಲ್ಲ, ಅದ ನಾಯಿ.”

ರೇಣವ್ವ ಬಡಿಗೆಯ ತುದಿಯಿಂದ ಕೆಂಚ್ಯಾನ ಕತ್ತಿನ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿದಳು. ನಾಯಿ ಮತ್ತೆ ನಾಯಿಯಾಯಿತು. ಮೈ ಝಾಡಿಸಿ, ಮೂಳೆ ಕಚ್ಚಿಕೊಂಡು, ಯಾರ ಕಡೆಗೂ ತಿರುಗದೆ ಕುರಿಗಳ ನಡುವೆ ಹೋಗಿ ಮಲಗಿತು. ಖಾಜಾಹುಸೇನ್ ಐದಕ್ಕೆ ಐದು ಎಂದು ಬರೆದುಕೊಂಡ. ಕುಂದ್ರು, ತಡಿ, ಬಾ, ಬಿಡು, ಜತಿಗೆ ನಡಿ: ಐದೂ ಆಜ್ಞೆಗಳು. ಪಾಸು ಸಿಕ್ಕಿತು.

ಪಾಸು ಸಿಗದಿದ್ದರೆ ರೇಣವ್ವನ ನೂರ ಮೂವತ್ತು ಕುರಿಗಳಿಗೆ ಆ ಬೇಸಿಗೆಯಲ್ಲಿ ಹುಲ್ಲಿರಲಿಲ್ಲ. ಕುಕನೂರಿನಿಂದ ಯಲಬುರ್ಗಾದ ಕಡೆ ಹೋಗುವ ರಸ್ತೆಯ ಎಡಕ್ಕೆ, ಮೂವತ್ತು ವರ್ಷದ ಹಿಂದೆ ಬಿಳಿಜೋಳ ಕಡಲೆ ಬೆಳೆಯುತ್ತಿದ್ದ ಎರೆಹೊಲಗಳ ಮೇಲೆ, ಈಗ ಕಣ್ಣು ಹಾಯುವಷ್ಟು ದೂರ ಸೌರಫಲಕಗಳು. ಫಲಕದ ಅಡಿ ನೆರಳು. ವಾರಕ್ಕೊಮ್ಮೆ ಫಲಕ ತೊಳೆದ ನೀರು. ಹೊರಗಿನ ಬಯಲು ಸುಟ್ಟು ಕರಕಾದಾಗಲೂ ಅಲ್ಲಿ ಮೊಣಕಾಲೆತ್ತರ ಹುಲ್ಲು. ಹುಲ್ಲು ಒಣಗಿದರೆ ಬೆಂಕಿಯ ಭಯ, ಕಂಬಗಳ ನಡುವೆ ಕತ್ತರಿಸುವ ಯಂತ್ರ ತಿರುಗದು. ಹಾಗಾಗಿ ಸೌರ ಪಾರ್ಕಿನವರೇ ಕುರಿಗಾರರನ್ನು ಕರೆದು ಒಳಗೆ ಬಿಟ್ಟುಕೊಂಡಿದ್ದರು. ಆದರೆ ಮನುಷ್ಯರು ಖಾಲಿ ಮಾಡಿದ ಆ ನೆರಳಿಗೆ ಮೊಲಗಳೂ ಬಂದಿದ್ದವು, ಮೊಲಗಳ ಹಿಂದೆ ಬೇಲಿಯ ಬುಡ ಕೆದರಿ ತೋಳಗಳೂ ಬಂದಿದ್ದವು. ನಾಯಿ ಇಲ್ಲದೆ ಹಿಂಡು ಒಳಗೆ ಹೋಗುವ ಹಾಗಿರಲಿಲ್ಲ. ಹೋದ ವರ್ಷ ಯಾರದೋ ನಾಯಿ ಕೇಬಲ್ ಕಡಿದು ಅರ್ಧ ದಿನ ಒಂದು ಭಾಗವೇ ನಿಂತುಹೋದ ಮೇಲೆ, ಹೇಳಿದ ಮಾತು ಕೇಳದ ನಾಯಿಗೆ ಪ್ರವೇಶವಿಲ್ಲ ಎಂದು ಪಾರ್ಕು ನಿಯಮ ಮಾಡಿತು. ಪರೀಕ್ಷೆ ಮಾಡುವ ಕೆಲಸ ಮೇಲ್ವಿಚಾರಕ ಖಾಜಾಹುಸೇನನ ತಲೆಗೆ ಬಂತು. ಕೆಂಚ್ಯಾ ಎರಡು ಸಲ ನಪಾಸಾದ. ಮೊದಲ ಸಲ, ಕುಂದ್ರು ಎಂದಾಗ ಎದ್ದು ನೆರಳಿಗೆ ಹೋದ. ಎರಡನೆಯ ಸಲದ ವಿಷಯ ಗಾಲಿಗೆ ಗೊತ್ತು.

ಮೂರನೆಯ ಸಲ ಪಾಸಾದದ್ದು ಇಂಚರಳಿಂದ. ತುಮಕೂರಿನ ಕಡೆಯವಳು, ಮೂವತ್ತನಾಲ್ಕು ವರ್ಷ, ಮಿದುಳಿನ ವಿಜ್ಞಾನಿ. ಪರೀಕ್ಷೆ ನಡೆದಷ್ಟು ಹೊತ್ತೂ ಹತ್ತು ಹೆಜ್ಜೆ ದೂರದಲ್ಲಿ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ನಿಂತಿದ್ದಳು. ಪರದೆಯ ಮೇಲೆ ಒಂದು ಹಸಿರು ರೇಖೆ ಮಟ್ಟಸವಾಗಿ ಓಡುತ್ತಿತ್ತು. ಅದು ಕೆಂಚ್ಯಾನ ಗಮನ.

ನಾಯಿಗೆ ಬುದ್ಧಿ ಕಡಿಮೆಯೆಂದು ಅದು ಮಾತು ಕೇಳುವುದಿಲ್ಲವೇ? ಅಲ್ಲ ಎನ್ನುವುದು ಇಂಚರಳ ವಾದ. ಕುಂದ್ರು ಎಂಬ ಮಾತು ಅದಕ್ಕೆ ನಾಲ್ಕೇ ದಿನದಲ್ಲಿ ಗೊತ್ತಾಗುತ್ತದೆ. ಆದರೆ ಮಾತು ಕಿವಿಗೆ ಬಿದ್ದ ಕೆಲವೇ ಕ್ಷಣಗಳಲ್ಲಿ ಒಂದು ವಾಸನೆ ಬರುತ್ತದೆ, ದೂರದಲ್ಲಿ ಕಲ್ಲು ಉರುಳುತ್ತದೆ, ನೊಣ ಕೂರುತ್ತದೆ. ಗಮನ ಅತ್ತ ಹರಿಯುತ್ತದೆ. ಗಮನಕ್ಕೆ ಮಿದುಳಿನಲ್ಲಿ ಒಂದು ಲಯವಿದೆ. ನಾಯಿ ಒಡೆಯನ ದನಿಗೆ ಕಿವಿ ಕೊಟ್ಟಾಗ ಆ ಲಯ ಹುಟ್ಟುತ್ತದೆ, ಗಮನ ಸರಿದಾಗ ಚದುರುತ್ತದೆ. ಇಂಚರ ಮಾಡಿದ ಕತ್ತಿನ ಪಟ್ಟಿಯಿಂದ ಹೊರಟ, ಕೂದಲಿನಷ್ಟು ಸಣ್ಣ ಎರಡು ತಂತಿಗಳು ಕಿವಿಯ ಹಿಂದಿನ ಚರ್ಮಕ್ಕೆ ಒತ್ತಿಕೊಂಡು ಆ ಲಯವನ್ನು ಓದುತ್ತಿದ್ದವು. ಅದು ಚದುರುವ ಮೊದಲೇ ಅದೇ ಲಯದ ಒಂದಿಷ್ಟು ವಿದ್ಯುತ್ತನ್ನು ಮರಳಿ ಕೊಡುತ್ತಿದ್ದವು. ಜೋಕಾಲಿ ಹಿಂದಕ್ಕೆ ಬಂದಾಗಲೆಲ್ಲ ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಸಾಕು, ಅದು ನಿಲ್ಲುವುದೇ ಇಲ್ಲ. ನೋವಿಲ್ಲ, ಹೆದರಿಕೆಯಿಲ್ಲ. ಕತ್ತಿನ ಮೇಲೆ ಎರಡು ಸಲ ತಟ್ಟಿದರೆ ಪಟ್ಟಿ ತಳ್ಳುವುದನ್ನು ನಿಲ್ಲಿಸುತ್ತದೆ. ಅಲ್ಲಿಯವರೆಗೆ ಮೊದಲಿನ ಆಜ್ಞೆಯೇ ನಡೆಯುತ್ತದೆ. ಇನ್ನೊಂದು ಒಳಗೆ ಹೋಗುವುದಿಲ್ಲ.

ಬಿಡುಗಡೆಗೆ ಮಾತಿನ ಬದಲು ತಟ್ಟುವುದನ್ನು ಅವಳು ಯೋಚಿಸಿಯೇ ಆರಿಸಿದ್ದಳು. ಮಾತನ್ನು ಟೀವಿ ಕೂಡ ಆಡುತ್ತದೆ. ತಟ್ಟುವವರು ಮನೆಯವರು ಮಾತ್ರ. ಬೆಂಗಳೂರು, ಮೈಸೂರಿನ ಮುನ್ನೂರಕ್ಕೂ ಹೆಚ್ಚು ಮನೆನಾಯಿಗಳ ಮೇಲೆ ಪ್ರಯೋಗ ನಡೆದಿತ್ತು. ಒಂದು ಕಡೆಯೂ ತೊಂದರೆಯಾಗಿರಲಿಲ್ಲ. ಅಲ್ಲಿನ ನಾಯಿಗಳ ಕತ್ತಿನ ಮೇಲೆ ಯಾರದಾದರೂ ಕೈ ಇದ್ದೇ ಇರುತ್ತಿತ್ತು.

ಪಟ್ಟಿ ಕಟ್ಟಲು ಬಂದ ಮೊದಲ ದಿನ, ತಟ್ಟುವುದು ಹೇಗೆಂದು ಇಂಚರ ತೋರಿಸಿದಾಗ ರೇಣವ್ವ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಐವತ್ತೆಂಟು ವರ್ಷದ ಹೆಂಗಸು, ಹೆಗಲ ಮೇಲೆ ಕರಿಕಂಬಳಿ, ಕಿವಿಗೆ ಮೊಬೈಲಿನ ಸಣ್ಣ ಗುಂಡಿ. ಕುರಿನಾಯಿಯನ್ನು ತಾವು ಸವರುವುದಿಲ್ಲ ಎಂದು ಅವಳು ಹೇಳಿದಳು. ಕಣ್ಣು ಬಿಡುವ ಮೊದಲೇ ಮರಿಯನ್ನು ತಂದು ಈದ ಕುರಿಯ ಮಗ್ಗುಲಿಗೆ ಹಾಕುತ್ತಾರೆ. ಅದು ಕುರಿಯ ಹಾಲು ಕುಡಿದು, ಕುರಿಮರಿಗಳ ಮೈಗೆ ಮೈ ಹಚ್ಚಿ ಬೆಳೆಯುತ್ತದೆ. ಮುಳ್ಳು ಕೀಳುವುದಕ್ಕೆ, ತೋಳ ಕಚ್ಚದಂತೆ ಕತ್ತಿಗೆ ಮೊಳೆಪಟ್ಟಿ ಬಿಗಿಯುವುದಕ್ಕೆ ಮುಟ್ಟುವುದು ಉಂಟು; ಅದು ಕುರಿಯನ್ನು ಮುಟ್ಟಿದ ಹಾಗೆ, ಮಾತಿಲ್ಲದೆ.

“ಸವರಿದ್ರ ಅದು ಮನಷ್ಯಾರ ನಾಯಿ ಆಗತೈತಿ” ಎಂದಳು. “ಕುರಿ ಬಿಟ್ಟು ನಮ್ಮ ಕಾಲಾಗ ಬೀಳತೈತಿ. ಆಮ್ಯಾಲ ಅದನ್ನ ನಾವ ಕಾಯಬೇಕು.”

ಇಂಚರ ನಕ್ಕು, ಹಾಗಾದರೆ ಬಡಿಗೆಯಿಂದ ತಟ್ಟಿ, ಪಟ್ಟಿಗೆ ಗೊತ್ತಾಗುತ್ತದೆ ಎಂದಳು. ಮೊಳೆಪಟ್ಟಿಯ ಒಳಗೆ ತನ್ನ ಪಟ್ಟಿಯನ್ನು ಸೇರಿಸಿಕೊಟ್ಟಳು. ರೇಣವ್ವನೇ ಅದನ್ನು ಕಟ್ಟಿದಳು. ಆಗಲೇ ಅವಳ ಕಣ್ಣಿಗೆ ಇಂಚರಳ ಬಲಗಿವಿಯ ಹಿಂದೆ ಅಂಟಿಕೊಂಡಿದ್ದ ಬೆರಳುಗುರಿನಷ್ಟು ಬಿಲ್ಲೆ ಬಿತ್ತು.

“ನಿಮಗೂ ಕಟ್ಟ್ಯಾರಲ್ರೀ ಮೇಡಂ?”

ಅದು ಮನುಷ್ಯರ ಪಟ್ಟಿ ಎಂದು ಇಂಚರ ವಿವರಿಸಿದಳು. ಅದು ಮಾರುಕಟ್ಟೆಗೆ ಬಂದು ಒಂಬತ್ತು ವರ್ಷವಾಯಿತು. ಪರೀಕ್ಷೆಗೆ ಓದುವವರು, ಕಚೇರಿಯವರು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಎಲ್ಲರೂ ಬಳಸುತ್ತಾರೆ. ಅವಳ ಪ್ರಬಂಧದ ಅರ್ಧಕ್ಕೂ ಹೆಚ್ಚು ಭಾಗ ಇದರ ದೆಸೆಯಿಂದಲೇ ಆದದ್ದು.

“ಹಂಗಾರ ನಿಮ್ಮನ್ನ ಯಾರು ತಟ್ಟತಾರ?”

“ನನ್ನದಕ್ಕೆ ಗಡಿಯಾರ ಇದೆ ಅಮ್ಮ. ಒಂದು ಗಂಟೆ, ಎರಡು ಗಂಟೆ, ನಾನೇ ಇಟ್ಕೋತೀನಿ.”

“ಶ್ಯಾಣ್ಯಾ ಇದ್ದೀರಿ” ಎಂದಳು ರೇಣವ್ವ. ಖಾಜಾಹುಸೇನ್ ನಕ್ಕ. ಇಂಚರಳೂ ನಕ್ಕಳು.

ಪಾಸು ಸಿಕ್ಕ ಹನ್ನೊಂದನೆಯ ದಿನ. ಮಧ್ಯಾಹ್ನ ಎರಡೂ ಕಾಲು. ಹಿಂಡು ಆರನೆಯ ಸಾಲಿನಲ್ಲಿ ಮೇಯುತ್ತಿತ್ತು. ಫಲಕ ತೊಳೆಯುವ ಯಂತ್ರ ಬ್ರಷ್ಷು ತಿರುಗಿಸುತ್ತ, ನೀರು ಚಿಮ್ಮಿಸುತ್ತ ಸಾಲಿನ ತುದಿಯಿಂದ ಬಂತು. ಕೆಂಚ್ಯಾ ಅದರ ಮೇಲೆ ಎಗರಿದ. ಯಂತ್ರಕ್ಕೆ ಹಲ್ಲು ತಾಗಿದರೆ ಪಾಸು ಹೋದಂತೆಯೇ. ರೇಣವ್ವ ಕೂಗಿದಳು: “ಕುಂದ್ರು.” ಕೆಂಚ್ಯಾ ಕುಳಿತ. ಯಂತ್ರ ದಾಟಿ ಹೋಯಿತು. ಕುರಿಗಳು ಮುಂದಿನ ಸಾಲಿಗೆ ಸರಿದವು, ರೇಣವ್ವ ಅವುಗಳ ಜೊತೆ ನಡೆದಳು.

ತಟ್ಟಲಿಲ್ಲ. ಪರೀಕ್ಷೆಯ ದಿನ ತಟ್ಟುವುದು ಪರೀಕ್ಷೆಯ ಒಂದು ಭಾಗವಾಗಿತ್ತು, ಮರೆಯಲಿಲ್ಲ. ಆಮೇಲೆ ಹತ್ತು ದಿನ ಅವಳು ಕೆಂಚ್ಯಾನಿಗೆ ಏನನ್ನೂ ಹೇಳಿರಲೇ ಇಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ. ನಲವತ್ತೈದು ವರ್ಷ ಅವಳು ನಾಯಿಗಳಿಗೆ ಕುಂದ್ರು ಎಂದಿದ್ದಳು. ಅವಳ ಒಂದು ನಾಯಿಯೂ ತನಗೆ ಸಾಕೆನಿಸಿದ ಮೇಲೆ ಕೂತಿರಲಿಲ್ಲ. ಏಳು ಎಂದು ನಾಯಿಗೆ ಹೇಳಬೇಕಾಗುತ್ತದೆ ಎನ್ನುವುದು ಅವಳ ತಲೆಗೆ ಬರುವ ವಿಚಾರವೇ ಆಗಿರಲಿಲ್ಲ. ಕೂರಿಸುವುದು ಮನುಷ್ಯನ ಕೆಲಸ, ಏಳುವುದು ನಾಯಿಯ ಕೆಲಸ. ಈ ಹಂಚಿಕೆ ಎಷ್ಟು ಹಳೆಯದೆಂದರೆ ಇಂಚರಳ ಪ್ರಶ್ನಾವಳಿಯಲ್ಲೂ ಅದರ ಬಗ್ಗೆ ಒಂದು ಸಾಲಿರಲಿಲ್ಲ.

ಆ ಹೊತ್ತಿಗೆ ಇಂಚರ ಇನ್ನೂರು ಹೆಜ್ಜೆ ದೂರದಲ್ಲಿ, ಯಂತ್ರಗಳ ಕೋಣೆಯ ನೆರಳಿನಲ್ಲಿ, ಮಡಚುವ ಕುರ್ಚಿಯ ಮೇಲೆ ಕುಳಿತಿದ್ದಳು. ಪರದೆಯಲ್ಲಿ ಎರಡು ಚಿತ್ರಗಳಿದ್ದವು, ಮೇಲೆ ಗಮನ, ಕೆಳಗೆ ಎದೆಬಡಿತ. ಹಸಿರು ರೇಖೆಯನ್ನು ದೊಡ್ಡದಾಗಿ ನೋಡಬೇಕೆಂದು ಕೆಳಗಿನದನ್ನು ಅವಳು ಮುಚ್ಚಿದಳು. ಕಿವಿಯ ಹಿಂದಿನ ಬಿಲ್ಲೆಯನ್ನು ಎರಡು ಗಂಟೆಗೆ ಇಟ್ಟಳು.

ಇಪ್ಪತ್ತೆರಡನೆಯ ನಿಮಿಷ ದಾಟಿತು. ಅಲ್ಲಿಯವರೆಗಿನ ದಾಖಲೆ ಅದೇ, ಮೈಸೂರಿನ ಒಂದು ಲ್ಯಾಬ್ರಡಾರಿನದು. ಮೂವತ್ತು. ನಲವತ್ತು. ಇಷ್ಟು ದೀರ್ಘ ಪ್ರಯೋಗವನ್ನು ರೇಣವ್ವ ತಾನಾಗಿ ಯಾಕೆ ಮಾಡುತ್ತಿದ್ದಾಳೆ ಎಂಬ ಪ್ರಶ್ನೆ ಇಂಚರಳ ಮನಸ್ಸಿನ ಅಂಚಿಗೆ ಬಂದು ಹೋಯಿತು. ಬಿಲ್ಲೆ ಅವಳನ್ನು ಮೆಲ್ಲಗೆ ರೇಖೆಯ ಕಡೆಗೆ ತಳ್ಳಿತು. ರೇಖೆ ಸುಂದರವಾಗಿತ್ತು. ಒಂದು ಗಂಟೆ. ಇಷ್ಟು ಹೊತ್ತು ಒಂದೇ ಕಡೆ ನೆಟ್ಟ ಮನಸ್ಸು, ಅದೂ ನಾಯಿಯದು, ಇದೇ ಮೊದಲಿರಬೇಕು ಎಂದು ಅವಳಿಗೆ ರೋಮಾಂಚನವಾಯಿತು. ಒಂದೂವರೆ ಗಂಟೆ ಕಳೆಯುವ ಸುಮಾರಿಗೆ ರೇಖೆ ಒಮ್ಮೆ ಕುಸಿಯಿತು, ಮತ್ತೆ ಕುಸಿಯಿತು, ಐದಾರು ಸಲ. ಪ್ರತಿ ಸಲವೂ ಪಟ್ಟಿ ಅದನ್ನು ಎತ್ತಿ ಮಟ್ಟಕ್ಕೆ ತಂದಿತು. ಅವಳು ಟಿಪ್ಪಣಿ ಬರೆದಳು: ಅಡ್ಡಿಯ ಮೂಲ ಗೊತ್ತಿಲ್ಲ. ಚೆನ್ನಾಗಿ ತಡೆದಿದೆ.

ಯಾರೋ ಅವಳ ಭುಜ ಹಿಡಿದು ಅಲುಗಿಸಿದರು. ಖಾಜಾಹುಸೇನ್. ಅವನ ಬಾಯಿ ಆಡುವುದು ಮೊದಲು ಕಂಡಿತು, ಮಾತು ಆಮೇಲೆ ಕೇಳಿತು.

“ನಾಕು ಸಲ ಫೋನ್ ಮಾಡೀನ್ರೀ. ಅಲ್ಲಿಂದ ಒದರಕೋತ ಬಂದೀನಿ. ಕೇಳಲಿಲ್ಲೇನ್ರೀ ನಿಮಗ?”

ತೋಳ ಹೊಕ್ಕಿದ್ದವು. ಎರಡು. ಹಿಂಡಿನ ಹಿಂಭಾಗದಿಂದ ಬಂದು ಎರಡು ಮರಿ ಎತ್ತಿಕೊಂಡು ಹೋಗಿದ್ದವು. ಒಂದು ತಾಯಿಕುರಿಯ ತೊಡೆ ಹರಿದಿತ್ತು. ಮುಂದೆ ಇದ್ದ ರೇಣವ್ವ ಬಡಿಗೆ ಬೀಸಿ ಓಡಿಬಂದು, ಕೆಂಚ್ಯಾ, ಬಾ, ಬಾ ಎಂದು ಗಂಟಲು ಕಟ್ಟುವವರೆಗೆ ಕೂಗಿದ್ದಳು.

ಇಂಚರ ಆರನೆಯ ಸಾಲಿಗೆ ಓಡಿದಳು. ನೆರಳು ಎಂದೋ ಸರಿದುಹೋಗಿ ಕೆಂಚ್ಯಾ ಬಿಸಿಲಿನಲ್ಲಿದ್ದ. ಕೂತ ಭಂಗಿ ಬದಲಾಗಿರಲಿಲ್ಲ. ಅಡಿಯ ಮಣ್ಣು ಉಚ್ಚೆಯಿಂದ ತೊಯ್ದಿತ್ತು, ಬಾಯಿಂದ ಜೊಲ್ಲು ದಾರದಂತೆ ಇಳಿದಿತ್ತು, ಮುಂಗಾಲು ಎರಡೂ ಗಡಗಡ ನಡುಗುತ್ತಿದ್ದವು. ಕಣ್ಣು ಮಾತ್ರ ರೇಣವ್ವ ನಿಂತಿದ್ದ, ಈಗ ಯಾರೂ ಇರದ ಜಾಗದ ಮೇಲೆ. ಅವನಿಂದ ಐದು ಹೆಜ್ಜೆ ಆಚೆ ಹಸಿಮಣ್ಣಿನಲ್ಲಿ ತೋಳದ ಹೆಜ್ಜೆಗಳು ಬಿದ್ದಿದ್ದವು. ಅವು ಓಡಿದ ಹೆಜ್ಜೆಗಳಲ್ಲ, ನಡೆದ ಹೆಜ್ಜೆಗಳು.

ಇಂಚರಳ ಬಳಿ ಬಡಿಗೆ ಇರಲಿಲ್ಲ. ಅವಳು ಮೊಣಕಾಲೂರಿ ಅವನ ಕತ್ತಿನ ಮೇಲೆ ಅಂಗೈಯಿಂದ ಎರಡು ಸಲ ತಟ್ಟಿದಳು. ಕೆಂಚ್ಯಾ ಮಗ್ಗುಲಿಗೆ ಉರುಳಿದ. ಅವಳು ಅವನ ತಲೆ ಸವರಿದಳು, ಬಾಟಲಿಯ ನೀರನ್ನು ಬೊಗಸೆಯಲ್ಲಿ ಕುಡಿಸಿದಳು, ಮತ್ತೆ ಸವರಿದಳು. ಸ್ವಲ್ಪ ಹೊತ್ತಿಗೆ ಅವನು ಎದ್ದ. ಹಿಂಡು ಇದ್ದ ಕಡೆ ಒಮ್ಮೆ ನೋಡಿದ. ಆಮೇಲೆ ಇಂಚರಳ ಕೈ ಮೂಸಿದ.

ಹಿಂಡಿನ ಬಳಿಗೆ ಅವನು ಓಡಿಹೋಗಲಿಲ್ಲ. ಅವಳ ಕಾಲ ಮಗ್ಗುಲಲ್ಲೇ ನಡೆದುಬಂದ, ಜತಿಗೆ ನಡಿ ಎಂಬ ಐದನೆಯ ಆಜ್ಞೆಯನ್ನು ಯಾರೂ ಕೊಡದೆಯೇ. ರೇಣವ್ವ ಗಾಯಗೊಂಡ ಕುರಿಗೆ ಬಟ್ಟೆ ಕಟ್ಟುತ್ತಿದ್ದವಳು ತಲೆಯೆತ್ತಿ ಇಬ್ಬರನ್ನೂ ನೋಡಿದಳು. ಬೈಯುತ್ತಾಳೆಂದು ಇಂಚರ ಕಾದಳು.

“ಸವರಿದ್ರೇನ್ರೀ?” ಎಂದಷ್ಟೇ ಕೇಳಿದಳು ರೇಣವ್ವ.

ಆ ಸಂಜೆ ವಸತಿಗೃಹದಲ್ಲಿ ಇಂಚರ ಮುಚ್ಚಿದ್ದ ಎದೆಬಡಿತದ ಚಿತ್ರವನ್ನು ತೆರೆದಳು. ಗಮನದ ರೇಖೆ ಮೊದಲ ಬಾರಿ ಕುಸಿಯುವುದಕ್ಕೆ ಹದಿನಾಲ್ಕು ನಿಮಿಷ ಮೊದಲೇ ಅದು ಏರತೊಡಗಿತ್ತು; ಮೊದಲು ನಿಧಾನವಾಗಿ, ಆಮೇಲೆ ಕಡಿದಾಗಿ. ತೋಳಗಳು ಬೇಲಿಯ ಹತ್ತಿರ ಇದ್ದಿರಬಹುದಾದ ಹೊತ್ತಿಗೇ ಕೆಂಚ್ಯಾನಿಗೆ ಗೊತ್ತಾಗಿತ್ತು. ಮೇಲಿನ ಹಸಿರು ರೇಖೆಗೆ ಅದು ಗೊತ್ತಿರಲಿಲ್ಲ, ಅಥವಾ ಅದಕ್ಕೆ ಬೇಕಿರಲಿಲ್ಲ. ಎರಡನ್ನೂ ಒಂದರ ಕೆಳಗೊಂದು ಇಟ್ಟು ಅವಳು ತುಂಬ ಹೊತ್ತು ನೋಡಿದಳು. ಒಂದು ಗಂಟೆ ನಲವತ್ತೊಂದು ನಿಮಿಷ. ಅದೇ ಹೊತ್ತಿನ ತನ್ನ ಬಿಲ್ಲೆಯ ದಾಖಲೆ ತೆಗೆದರೆ ಹೇಗಿರುತ್ತದೆ ಎಂಬ ಕುತೂಹಲ ಹುಟ್ಟಿತು. ತೆಗೆದಳು. ಮಟ್ಟಸವಾದ ರೇಖೆ, ಕೊನೆಯಲ್ಲಿ ನಾಲ್ಕು ಸಣ್ಣ ಕುಸಿತ, ನಾಲ್ಕನ್ನೂ ಚೆನ್ನಾಗಿ ತಡೆದಿತ್ತು.

ಎರಡು ತಿಂಗಳ ನಂತರ ಅವಳು ಹೊಸ ಪಟ್ಟಿಯೊಂದಿಗೆ ಮರಳಿ ಬಂದಳು.

ರೇಣವ್ವ ಪಾರ್ಕಿನಲ್ಲಿರಲಿಲ್ಲ. ಪಾಸನ್ನು ಖಾಜಾಹುಸೇನನ ಮೇಜಿನ ಮೇಲಿಟ್ಟು ಹೋಗಿದ್ದಳು. ಯಲಬುರ್ಗಾ ರಸ್ತೆಯಲ್ಲಿ ನಾಲ್ಕು ಕಿಲೋಮೀಟರು ಮುಂದೆ, ಮಳೆನೀರಿನ ಕಾಲುವೆಯ ದಂಡೆಯಲ್ಲಿ ಅವಳ ಹಿಂಡು ಕಂಡಿತು. ಕುರಿಗಳ ಪಕ್ಕೆಲುಬು ದೂರದಿಂದಲೇ ಎಣಿಸುವಂತಿದ್ದವು. ಹತ್ತು ಹದಿನೈದು ಕಡಿಮೆಯೂ ಆದಂತಿತ್ತು. ರೇಣವ್ವ ಬಂಡೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದಳು. ಅವಳ ಕಾಲಿಗೆ ಮೈ ಒತ್ತಿಕೊಂಡು ಕೆಂಚ್ಯಾ ಕೂತಿದ್ದ. ಕತ್ತಿನಲ್ಲಿ ಮೊಳೆಪಟ್ಟಿ ಇರಲಿಲ್ಲ, ಇಂಚರಳ ಪಟ್ಟಿಯೂ ಇರಲಿಲ್ಲ.

“ಬಾ ಯವ್ವಾ, ಕುಂದ್ರು” ಎಂದಳು ರೇಣವ್ವ. ಮೇಡಂ ಎನ್ನಲಿಲ್ಲ.

ಪಟ್ಟಿ ಬಿಚ್ಚಿದ ಮೇಲೂ ಪಾಠ ಉಳಿದಿತ್ತಂತೆ. ಕುಂದ್ರು ಎಂದರೆ ಕೆಂಚ್ಯಾ ಇಂದಿಗೂ ತಟ್ಟುವವರೆಗೆ ಏಳುವುದಿಲ್ಲ. ಯಾರು ಯಾರಿಗೆ ಹೇಳಿದರೂ ಇವನು ಕೂರುತ್ತಾನೆ. ಈಗ ಕೂಡ ಮಾತು ಕಿವಿಗೆ ಬಿದ್ದು ಮೈ ಬಿಗಿಹಿಡಿದಿದ್ದ. ರೇಣವ್ವ ರೊಟ್ಟಿ ಹಿಡಿದ ಕೈ ಬದಲಿಸಿ, ಬರಿಗೈಯಿಂದ ಅವನ ಕತ್ತಿನ ಮೇಲೆ ಎರಡು ಸಲ ತಟ್ಟಿದಳು. ಒಂದು ಕಾಲಕ್ಕೆ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದವಳ ಬೆರಳು ಅಭ್ಯಾಸವಾದಂತೆ ಅಲ್ಲೇ ಒಂದು ಗಳಿಗೆ ನಿಂತಿತು. ಕುರಿಗಳ ನಡುವೆ ಅವನು ಈಗ ಮಲಗುವುದಿಲ್ಲ, ತನ್ನ ಕಂಬಳಿಯ ಅಂಚಿಗೆ ಬಂದು ಮಲಗುತ್ತಾನೆ ಎಂದಳು. ದೂರು ಹೇಳುವ ದನಿಯಿರಲಿಲ್ಲ.

ಹಿಂಡಿನೊಳಗೆ ಒಂದು ಹೊಸ ನಾಯಿಮರಿ ಇತ್ತು. ಕಪ್ಪು ಮೈ, ಬಿಳಿ ಪಾದ, ಮೂರು ತಿಂಗಳಿರಬಹುದು. ಒಂದು ಕುರಿಮರಿಯ ಬಾಲ ಕಚ್ಚಿ ಜಗ್ಗುತ್ತಿತ್ತು. ರೇಣವ್ವ ಬಿಡು ಎಂದು ಗದರಿದಳು. ಅದು ಬಿಡಲಿಲ್ಲ, ಸಾಕೆನಿಸಿದ ಮೇಲೆ ಬಿಟ್ಟಿತು.

ಇಂಚರ ಚೀಲದಿಂದ ಹೊಸ ಪಟ್ಟಿ ತೆಗೆದಳು. ತಪ್ಪು ತನ್ನದೇ ಎಂದು ಮೊದಲು ಒಪ್ಪಿಕೊಂಡಳು. ಆಮೇಲೆ ಹೇಳಿದಳು: ಇದು ಹಾಗಲ್ಲ. ಹಳೆಯದು ಎದೆಬಡಿತವನ್ನು ನನಗೆ ತೋರಿಸುತ್ತಿತ್ತಷ್ಟೇ, ಇದು ತಾನೇ ಓದುತ್ತದೆ. ಪಾರ್ಕಿನವರೂ ಒಪ್ಪಿದ್ದಾರೆ. ಈ ಮರಿಗೆ ಕಟ್ಟಿದರೆ ನಾಳೆಯೇ ಪಾಸು, ಈ ಸಲ ನೀರಿನ ತೊಟ್ಟಿ ಇರುವ ಪೂರ್ವದ ಭಾಗ, ಮಳೆಗಾಲದವರೆಗೆ.

ರೇಣವ್ವ ಪೂರ್ವದ ಭಾಗ ಎಂಬ ಮಾತಿಗೆ ಕುರಿಗಳ ಕಡೆ ನೋಡಿದಳು. ಗಾಯದ ಕುರಿ ಕುಂಟುತ್ತ ಕಾಲುವೆಯ ಇಳಿಜಾರಿನಲ್ಲಿ ಒಣಗಿದ ಜಾಲಿಕಾಯಿ ಹುಡುಕುತ್ತಿತ್ತು.

“ಎದಿ ಓದಿ ಏನ್ ಮಾಡತೈತಿ?”

“ಹೆದರಿಕೆ ಆದ್ರೆ ತಾನೇ ಬಿಟ್ಟುಬಿಡುತ್ತೆ. ತಟ್ಟೋದೇ ಬೇಡ.”

“ಎಷ್ಟ ಹೆದರಿಕಿ ಆದ್ರ?”

“ನಿಮಿಷಕ್ಕೆ ನೂರೆಪ್ಪತ್ತು ದಾಟಿದ್ರೆ.”

ಇಂಚರಳ ಮಣಿಕಟ್ಟಿನಲ್ಲಿ ಏನೋ ಗುಂಯ್‌ಗುಟ್ಟಿತು. ಅವಳು ಬಗ್ಗಿ ನೋಡಿದಳು, ಒಂದು ಸಾಲು ಓದಿದಳು, ಒಂದು ಸಾಲು ಉತ್ತರಿಸಿದಳು. ತಲೆಯೆತ್ತಿದಾಗ ನಾಯಿಮರಿ ಇದ್ದ ಜಾಗದಲ್ಲಿ ಇರಲಿಲ್ಲ. ಅದು ಹಿಂಡಿನ ಆಚೆ ಅಂಚಿಗೆ ಹೋಗಿ, ಒಂದು ಕಾಲು ಎತ್ತಿ ಹಿಡಿದು, ಬರಿಯ ಬಯಲನ್ನು ನೋಡುತ್ತ ನಿಂತಿತ್ತು. ಅಲ್ಲಿ ಏನೂ ಇರಲಿಲ್ಲ. ರೇಣವ್ವ ಅದನ್ನು ನೋಡುತ್ತಿದ್ದಳು. ಅದು ಅಲ್ಲಿಗೆ ಹೋದದ್ದನ್ನೂ ನೋಡಿದ್ದಳು.

“ಮುಗೀತಾ?” ಎಂದಳು, ತಿರುಗದೆ.

“ಹೂಂ. ಕ್ಷಮಿಸಿ.”

“ಅದು ಯಾಕ ಅಲ್ಲಿ ಹೋಗಿ ನಿಂತೈತಿ, ಹೇಳು.”

ಇಂಚರ ನೋಡಿದಳು. ಗೊತ್ತಾಗಲಿಲ್ಲ. ಹೆದರಿದಂತೆ ಕಾಣುವುದಿಲ್ಲ ಎಂದಳು.

“ಹೆದರಿಲ್ಲ. ನನಗೂ ಗೊತ್ತಿಲ್ಲ ಯಾಕಂತ. ಅದಕ್ಕೂ ಗೊತ್ತಿರಲಿಕ್ಕಿಲ್ಲ. ಹೆದರಿಕಿ ಆದ ಮ್ಯಾಲ ಏಳೋ ನಾಯಿ ತಗೊಂಡು ನಾ ಏನ್ ಮಾಡಲಿ ಯವ್ವಾ? ಅಷ್ಟರಾಗ ತ್ವಾಳ ಬಂದಿರತೈತಿ.”

ಮಿತಿಯನ್ನು ಕಡಿಮೆ ಮಾಡಬಹುದು ಎಂದಳು ಇಂಚರ, ನೂರೈವತ್ತು, ನೂರಿಪ್ಪತ್ತು. ಹೇಳುತ್ತ ಹೋದಂತೆ ಸಂಖ್ಯೆ ಕೆಳಗಿಳಿಯಿತು. ಎಲ್ಲಿ ನಿಲ್ಲಿಸಿದರೆ ಅದು ಪಟ್ಟಿಯೇ ಇಲ್ಲದ ನಾಯಿಯಾಗುತ್ತದೆ ಎಂದು ಅವಳ ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು. ಆದರೂ ಅಷ್ಟು ದೂರದಿಂದ ತಂದದ್ದನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು. ಮರಿಯ ಕತ್ತಿಗೆ ತಕ್ಕಂತೆ ಮಾಡಿದ, ತೆಳುವಾದ, ಚೆಂದದ ಪಟ್ಟಿ. ತಂತಿಗಳು ಬಿಸಿಲಿಗೆ ಮಿನುಗಿದವು.

ಕೆಂಚ್ಯಾ ಮುಂದೆ ಬಂದು ಅದನ್ನು ಮೂಸಿ, ಇಂಚರಳ ಮುಖ ನೋಡಿ, ಹೇಳದೆಯೇ ಕುಳಿತ.

ರೇಣವ್ವ ಅವನ ಕತ್ತಿನ ಮೇಲೆ ಎರಡು ಸಲ ತಟ್ಟಿದಳು.

“ಬ್ಯಾಡ” ಎಂದಳು.